41 ತೀರ್ಪುಗಳ ಪಟ್ಟಿ

ಎರಡು ವರ್ಷದ ಹಿಂದಿನ ಮಾತು. ಒಂದು ಶನಿವಾರ ಸಂಜೆ ಧಾರವಾಡದ ನಮ್ಮ ವಕೀಲಿ ಆಫೀಸಿನಿಂದ ಎಲ್ಲರೂ ಮನೆಗೆ ಹೋಗಿದ್ದರು. ಸಾಹೇಬರು, ಅಂದರೆ ನಮ್ಮ ಹಿರಿಯ ವಕೀಲರು, ನನ್ನನ್ನು ಒಳಗೆ ಕರೆದರು. "ತಂಗಿ, ನಾ ನಡೆಸಿದ ಕೇಸಿನಾಗ ರಿಪೋರ್ಟ್ ಆದವು ಎಷ್ಟು ಅದಾವ, ಒಂದು ಪಟ್ಟಿ ಮಾಡಿ ಕೊಡವಾ. ಯಾರ ಮುಂದನೂ ಅನ್ನಬ್ಯಾಡ" ಎಂದರು. ಟೇಬಲ್ಲಿನ ಮೇಲೆ ಕೆಲವು ವರ್ಷಗಳ ಇನ್‌ಕಂ ಟ್ಯಾಕ್ಸ್ ಕಾಗದಗಳಿದ್ದವು. ಹೈಕೋರ್ಟ್ ಜಡ್ಜ್ ಹುದ್ದೆಗೆ ಅವರ ಹೆಸರು ನಡೆದಿದೆ ಅಂತ ನನಗೆ ಹೊಳೆಯಿತು.

ಹೈಕೋರ್ಟ್ ಜಡ್ಜ್ ಆಗಲು ಯಾರೂ ಅರ್ಜಿ ಹಾಕುವುದಿಲ್ಲ. ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳು ಹೆಸರು ಆರಿಸುತ್ತಾರೆ. ವಕೀಲರ ಕಡೆಯಿಂದಾದರೆ ಕನಿಷ್ಠ 10 ವರ್ಷ ಹೈಕೋರ್ಟಿನಲ್ಲಿ ಕೆಲಸ ಮಾಡಿರಬೇಕು. ಆಮೇಲೆ ಆದಾಯ ಎಷ್ಟು, ಯಾವ ಕೇಸು ನಡೆಸಿದ್ದೀರಿ ಅಂತ ಕೇಳುತ್ತಾರೆ. ಅದಕ್ಕೇ ಈ ಪಟ್ಟಿ. ಮುಖ್ಯ ತೀರ್ಪುಗಳು ಅಚ್ಚಾಗುವ, ಅಂದರೆ ರಿಪೋರ್ಟ್ ಆಗುವ, ಐಎಲ್‌ಆರ್, ಕರ್ನಾಟಕ ಲಾ ಜರ್ನಲ್ ಸಂಪುಟಗಳನ್ನೆಲ್ಲ ತಿರುವಿ ಹಾಕಿದೆ. ಭಾನುವಾರ ರಾತ್ರಿಗೆ 41 ತೀರ್ಪು ಸಿಕ್ಕವು. ಅರ್ಧಕ್ಕಿಂತ ಜಾಸ್ತಿ ವಾಟ್ನಿ ದಾವೆಗಳು, ಅಂದರೆ ಆಸ್ತಿ ಪಾಲಿನ ಜಗಳಗಳು, ಮತ್ತೆ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ತಪ್ಪಿದ ಹೊಲಗಳು.

ಸೋಮವಾರ ಕೋರ್ಟಿಗೆ ಹೋದರೆ ಕ್ಯಾಂಟೀನಿನಲ್ಲಿ ಅದೇ ಮಾತು. ಮಂಜೂರಾದ 62 ಹುದ್ದೆಗಳಲ್ಲಿ ಎಷ್ಟು ಖಾಲಿ, ಯಾವ ಜಡ್ಜಿಗೆ ಯಾವ ತಿಂಗಳು ನಿವೃತ್ತಿಯ 62 ವಯಸ್ಸು ತುಂಬುತ್ತದೆ, ಎಲ್ಲ ಲೆಕ್ಕ ಬಾಯಿಪಾಠ. ಈ ಸಲ ಧಾರವಾಡಕ್ಕೆ ಒಂದು ಸಿಗುತ್ತದೋ ಇಲ್ಲವೋ? ಬೆಳಗಾವಿಯವರೋ ಬಳ್ಳಾರಿಯವರೋ? ಯಾವ ಸಮಾಜದವರು? ಜಿಲ್ಲಾ ನ್ಯಾಯಾಧೀಶರಿಗೆ ಎಷ್ಟು ಹೋಗುತ್ತವೆ? ಹಿರಿಯರೊಬ್ಬರು ಚಹಾ ಮುಂದಿಟ್ಟುಕೊಂಡು ಮಂಜುಳಾ ಚೆಲ್ಲೂರ್ ಅವರ ಮಾತು ತೆಗೆದರು. ಬಳ್ಳಾರಿಯ ಹೆಣ್ಣುಮಗಳು ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. 1956ಕ್ಕೆ ಮೊದಲು ನಮ್ಮ ಧಾರವಾಡದ ಅಜ್ಜಂದಿರು ಮೇಲ್ಮನವಿ ಹಿಡಿದು ಹೋಗುತ್ತಿದ್ದದ್ದು ಅದೇ ಬಾಂಬೆಗೆ!

"ಏನ್ರೀ ಮೇಡಂ, ನಿಮ್ಮ ಸಾಹೇಬ್ರ ಹೆಸರು ಹೋಗೇತಂತ, ಹೌದೇನ್ರಿ?" ಎಂದು ಒಬ್ಬರು ನೇರವಾಗಿ ಕೇಳಿಬಿಟ್ಟರು. ನನಗೇನೂ ಗೊತ್ತಿಲ್ರಿ ಅಂದೆ. ಸುಳ್ಳು ಹೇಳಿದ್ದಕ್ಕೆ ಇವತ್ತಿಗೂ ಬೇಸರವಿಲ್ಲ.

ಆದರೆ ಒಳಗೊಳಗೆ ನಾನೂ ಲೆಕ್ಕ ಹಾಕುತ್ತಿದ್ದೆ. ಸಾಹೇಬರು ಹೋಗಬೇಕು ಅಂತ ನನಗೆ ತುಂಬ ಆಸೆ ಇತ್ತು. ನಮ್ಮ ಕಡೆಯ ಹಳೇ ಜಮೀನಿನ ಕಾಗದ ಮೋಡಿಯಲ್ಲಿ, ಅಂದರೆ ಮರಾಠಿ ಬರೆಯುತ್ತಿದ್ದ ಹಳೇ ಲಿಪಿಯಲ್ಲಿ, ಇರುತ್ತವೆ. ಅವನ್ನು ಗುರುತು ಹಿಡಿದು ಓದುವವರು ಈಗ ಎಷ್ಟು ಜನ ಇದ್ದಾರೆ? ಗದಗಿನ ಹಳ್ಳಿಯಿಂದ ಬಂದ ಮುದುಕಿ ಸೆರಗಿನಲ್ಲಿ ಕಟ್ಟಿ ತಂದ ಕಾಗದವನ್ನು ಸಾಹೇಬರು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಓದುವುದನ್ನು ನಾನು ನೋಡಿದ್ದೇನೆ. ಅಂಥವರು ಪೀಠದ ಮೇಲೆ ಇರಬೇಕು ಅಲ್ವಾ? 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಗುವವರೆಗೆ ಇಂಥ ಮುದುಕಿಯರು ಬೆಂಗಳೂರಿಗೆ ರಾತ್ರಿ ಗಾಡಿ ಹತ್ತಬೇಕಿತ್ತು. 2013ರಲ್ಲಿ ಅದು ಕಾಯಂ ಆಯಿತು. ಕೋರ್ಟು ಹತ್ತಿರ ಬಂತು, ನಮ್ಮ ಹೊಲದ ಭಾಷೆ ಗೊತ್ತಿರುವವರೂ ಅದರೊಳಗೆ ಬರಲಿ ಅಂತ ನನ್ನ ಆಸೆ.

ಜೊತೆಗೆ ಒಂದು ಹೆದರಿಕೆಯೂ ಇತ್ತು. ಅವರು ಹೋದರೆ ಆಫೀಸು ಮುಚ್ಚುತ್ತದೆ. ನಾವು ನಾಲ್ಕು ಜನ ಜೂನಿಯರ್‌ಗಳು ಎಲ್ಲಿಗೆ ಹೋಗುವುದು? ಕಾಯಂ ಜಡ್ಜ್ ಆಗಿ ನಿವೃತ್ತರಾದವರು ಇದೇ ಹೈಕೋರ್ಟಿನಲ್ಲಿ ಮತ್ತೆ ವಾದ ಮಾಡುವಂತಿಲ್ಲ. ಅಂದರೆ ಅವರ ಪಕ್ಕ ನಿಂತು ಫೈಲು ಕೊಡುವ ದಿನ ಮತ್ತೆ ಬರುವುದಿಲ್ಲ.

ತಿಂಗಳುಗಳು ಕಳೆದವು. ಮುಖ್ಯಮಂತ್ರಿ, ರಾಜ್ಯಪಾಲರು, ಗುಪ್ತಚರ ವಿಭಾಗ, ಕಾನೂನು ಸಚಿವಾಲಯ ದಾಟಿ ಹೆಸರು ಸುಪ್ರೀಂ ಕೋರ್ಟಿನ ಕೊಲಿಜಿಯಂಗೆ, ಅಂದರೆ ಅಲ್ಲಿನ ಹಿರಿಯ ನ್ಯಾಯಮೂರ್ತಿಗಳ ಆಯ್ಕೆ ಮಂಡಳಿಗೆ, ಮುಟ್ಟಬೇಕು. ಒಂದು ಸಂಜೆ ಕೊಲಿಜಿಯಂನ ನಿರ್ಧಾರ ವೆಬ್‌ಸೈಟಿನಲ್ಲಿ ಬಂತು. ಮೊಬೈಲಿನಲ್ಲಿ ಮೇಲಿಂದ ಕೆಳಗೆ ಮೂರು ಸಲ ಓದಿದೆ. ಸಾಹೇಬರ ಹೆಸರು ಇರಲಿಲ್ಲ. ಅದು ಎಲ್ಲಿ ನಿಂತಿತು, ಯಾಕೆ ನಿಂತಿತು ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮರುದಿನ ಅವರು ಎಂದಿನಂತೆ ಎಂಟಕ್ಕೇ ಆಫೀಸಿನಲ್ಲಿದ್ದರು. ಪಟ್ಟಿಗೆ ಹೆಸರು ಬಂದವರಲ್ಲಿ ಒಬ್ಬರಿಗೆ ಫೋನು ಹಚ್ಚಿ, ಮನಸ್ಸು ತುಂಬಿ ಅಭಿನಂದನೆ ಹೇಳುತ್ತಿದ್ದರು.

ನಾನು ಮಾಡಿದ ಆ 41 ತೀರ್ಪುಗಳ ಪಟ್ಟಿ ಇನ್ನೂ ನನ್ನ ಕಂಪ್ಯೂಟರಿನಲ್ಲಿದೆ. ಹೋದ ತಿಂಗಳು ಅವರ ಇನ್ನೊಂದು ವಾಟ್ನಿ ಕೇಸು ರಿಪೋರ್ಟ್ ಆಯಿತು. ಯಾರೂ ಹೇಳಿರಲಿಲ್ಲ, ನಾನೇ ಫೈಲು ತೆರೆದು 42 ಅಂತ ಬರೆದು ಸೇರಿಸಿದೆ.