ರಟ್ಟಿನ ಕಾನ್ವಿ ಕೋಟೆ: ಎಂಟೂ ಬುರುಜು ಎದ್ದವು

ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್‌ನ ಕಾನ್ವಿ ಕೋಟೆ ಈಗ ಮೇಜಿನ ಮೇಲೆ ಎದ್ದು ನಿಂತಿದೆ. ಸ್ಕೇಲ್ 1:200. ವೇಲ್ಸ್‌ನಲ್ಲಿರುವ ನಿಜವಾದ ಬುರುಜು ಸುಮಾರು 70 ಅಡಿ ಎತ್ತರ, 30 ಅಡಿ ಅಗಲ. ನನ್ನ ಲೆಕ್ಕಕ್ಕೆ ಹತ್ತೂವರೆ ಸೆಂಟಿಮೀಟರ್ ಎತ್ತರ, ನಾಲ್ಕೂವರೆ ಅಗಲ. ಟಾಯ್ಲೆಟ್ ರೋಲ್ ಒಳಗಿನ ರಟ್ಟಿನ ಕೊಳವೆಯೂ ಹೆಚ್ಚುಕಮ್ಮಿ ಇದೇ ಅಳತೆ! ರಾಜನ ಕೋಟೆಗೆ ಇದಾ ಅಂತ ಮನೆಯವರು ನಕ್ಕರು. ನಗಲಿ ಬಿಡಿ. ಆ ಊರಿನ ಗೋಡೆಯ ಮೇಲೇ ಸಾಲಾಗಿ 12 ಪಾಯಿಖಾನೆ ಕಟ್ಟಿಸಿದ ರಾಜ ಅವನು.

ಎಡ್ವರ್ಡ್ ಅಂದರೆ ಎಲ್ಲರಿಗೂ ಕುದುರೆ, ಕತ್ತಿ ನೆನಪಾಗುತ್ತದೆ. ನನಗೆ ಅವನ ಗಾರೆ ಕೆಲಸವೇ ಜಾಸ್ತಿ ಇಷ್ಟ. 1282ರ ಡಿಸೆಂಬರ್‌ನಲ್ಲಿ ಅವನ ಜೊತೆಗಿನ ಯುದ್ಧದಲ್ಲಿ ವೇಲ್ಸ್‌ನ ದೊರೆ ಲೆವೆಲಿನ್ ಸತ್ತ. ಮರುವರ್ಷವೇ ಎಡ್ವರ್ಡ್ ಕಾನ್ವಿಯಲ್ಲಿದ್ದ ಸನ್ಯಾಸಿಗಳ ಮಠವನ್ನು ಬೇರೆ ಕಡೆಗೆ ಕಳಿಸಿ, ಅದೇ ಜಾಗದಲ್ಲಿ ಊರು, ಕೋಟೆ ಎರಡಕ್ಕೂ ಪಾಯ ಹಾಕಿಸಿದ. ಮೇಸ್ತ್ರಿ ಆಲ್ಪ್ಸ್ ಸೀಮೆಯ ಸವಾಯ್‌ನಿಂದ ಬಂದ ಜೇಮ್ಸ್. ನಾಲ್ಕೇ ವರ್ಷದಲ್ಲಿ ಕೆಲಸ ಮುಗಿಯಿತು. ಖರ್ಚು ಸುಮಾರು 15,000 ಪೌಂಡ್.

ಈ ಸಲ ಹೆಚ್ಚು ಹೊತ್ತು ಹಿಡಿದದ್ದು ಪೂರ್ವದ ತುದಿ. ಅಲ್ಲೊಂದು ಚಿಕ್ಕ ಬಾಗಿಲು, ನದಿಗೆ ಇಳಿಯುವ ದಾರಿ. ನೋಡಿದವರೆಲ್ಲ ಹೆಬ್ಬಾಗಿಲು ಚೆನ್ನಾಗಿ ಮಾಡು ಅನ್ನುತ್ತಾರೆ. ಆದರೆ ಕೋಟೆಯ ಜೀವ ಇರುವುದು ಈ ಹಿಂಬಾಗಿಲಲ್ಲಿ. 1294ರಲ್ಲಿ ವೇಲ್ಸ್‌ನ ನಾಯಕ ಮ್ಯಾಡಗ್ ದಂಗೆ ಎದ್ದಾಗ ಎಡ್ವರ್ಡ್ ಇದೇ ಕೋಟೆಯೊಳಗೆ ಸಿಕ್ಕಿಹಾಕಿಕೊಂಡ. ಚಳಿಗಾಲ, ಊಟಕ್ಕೆ ತತ್ವಾರ. ಸಾಮಾನು ಬರಬೇಕಾದರೆ ನೀರಿನ ದಾರಿಯೊಂದೇ ಗತಿ. ಗೋಡೆ 15 ಅಡಿ ದಪ್ಪ ಇದ್ದರೇನು, ದೋಣಿ ಬರದಿದ್ದರೆ ಉಪವಾಸವೇ ಅಲ್ವಾ? ಹಾಗಾಗಿ ಬಂಡೆ, ಮೆಟ್ಟಿಲು ಎಲ್ಲ ಥರ್ಮಾಕೋಲ್‌ನಲ್ಲಿ ಕೊರೆದು ಇಟ್ಟಿದ್ದೇನೆ. ಈಗ ಆ ತುದಿಗೆ ತಾಗಿಕೊಂಡೇ 1826ರ ತೂಗುಸೇತುವೆ ಇದೆ. ಅದನ್ನು ಹಾಕುವುದಿಲ್ಲ, ನನ್ನ ಕೋಟೆಯಲ್ಲಿ ಇನ್ನೂ 1295.

ಬಣ್ಣ ಬಿಳಿ. ಫೋಟೋಗಳಲ್ಲಿ ಬೂದು ಕಲ್ಲು ಕಾಣುತ್ತದೆ ನಿಜ, ಆದರೆ ಆಗ ಗೋಡೆಗೆ ಸುಣ್ಣ ಬಳಿದಿದ್ದರು. ಅದರ ಗುರುತು ಈಗಲೂ ಅಲ್ಲಲ್ಲಿ ಇದೆ.

ಗೋಡೆಯ ತುದಿಯಲ್ಲಿ ಹಲ್ಲಿನ ಸಾಲಿನಂತೆ ಕಾಣುವ ತೆನೆಗಳು ಬಾಕಿ. ಒಂದೊಂದರ ತಲೆ ಮೇಲೂ ಮೂರು ಪುಟ್ಟ ಕಲ್ಲಿನ ಮೊನೆಗಳು. ಈ ಸ್ಕೇಲ್‌ನಲ್ಲಿ ಅದನ್ನು ಕತ್ತರಿಸುವುದು ಶುದ್ಧ ಹಿಂಸೆ. ಸದ್ಯ ಅದನ್ನು ಪಕ್ಕಕ್ಕಿಟ್ಟು ದೋಣಿಗೆ ಕೈ ಹಾಕಿದ್ದೇನೆ. ಧಾನ್ಯದ ಮೂಟೆಗೆ ಸಾಸಿವೆ ಇಟ್ಟು ನೋಡಿದೆ, ಚಿಕ್ಕದಾಯಿತು. ಮೆಂತ್ಯದ ಕಾಳು ಸರಿಹೋಗುತ್ತದೆ, ಆಕಾರವೂ ಮೂಟೆಯದ್ದೇ.