ಕಳೆದುಹೋದ ಪಾಂಚೋ ವಿಲ್ಲಾ ಚಿತ್ರ: ಪಟ್ಟಿ ಕೆಲಸ ಎಲ್ಲಿಗೆ ಬಂತು

ಮೆಕ್ಸಿಕೋ ಕ್ರಾಂತಿಯ ನಾಯಕ ಪಾಂಚೋ ವಿಲ್ಲಾ ಬಗ್ಗೆ 1914ರಲ್ಲಿ ಬಂದ ಮೂಕಿಚಿತ್ರ 'ದಿ ಲೈಫ್ ಆಫ್ ಜನರಲ್ ವಿಲ್ಲಾ'. ಅದರ ಪೂರ್ತಿ ಪ್ರತಿ ಈಗ ಎಲ್ಲೂ ಇಲ್ಲ. ಉಳಿದ ತುಣುಕು, ಸ್ಟಿಲ್ ಫೋಟೋ, ಆಗಿನ ಪತ್ರಿಕಾ ವರದಿ ಇಟ್ಟುಕೊಂಡು ದೃಶ್ಯಗಳ ಪಟ್ಟಿ ಮಾಡುತ್ತಿದ್ದೇನೆ.

ಕಥೆಯ ಭಾಗ ಮುಗಿಯಿತು. ಚಿತ್ರದಲ್ಲಿ ವಿಲ್ಲಾ ಮನೆಯವರು ಸ್ವಂತ ಹೊಲವಿದ್ದ ರೈತರು. ನಿಜದಲ್ಲಿ ಮೆಕ್ಸಿಕೋದ ಡುರಾಂಗೋ ರಾಜ್ಯದಲ್ಲಿ ಜಮೀನ್ದಾರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡವರು. ಚಿತ್ರದಲ್ಲಿ ಮುಂದೆ ತಂಗಿಯ ಮಾನ ಕಳೆದವರ ಮೇಲೆ ಸೇಡು, ಬೆಟ್ಟ ಸೇರುವುದು, ಯುದ್ಧ, ಕೊನೆಗೆ ವಿಲ್ಲಾ ದೇಶದ ಅಧ್ಯಕ್ಷ! ನಿಜದಲ್ಲಿ ಆತ ಯಾವತ್ತೂ ಅಧ್ಯಕ್ಷನಾಗಲಿಲ್ಲ. ಯುವಕ ವಿಲ್ಲಾನ ಪಾತ್ರ ರಾವುಲ್ ವಾಲ್ಷ್ ಅವರದು. ಮುಂದೆ ಅವರು ಹಾಲಿವುಡ್‌ನ ದೊಡ್ಡ ನಿರ್ದೇಶಕರಾದರು.

ಒಪ್ಪಂದದ ವಿಷಯವನ್ನೂ ಬರೆದಿಟ್ಟೆ. 1914ರ ಜನವರಿಯಲ್ಲಿ ವಿಲ್ಲಾ ಅಮೆರಿಕದ ಮ್ಯೂಚುವಲ್ ಎಂಬ ಸಿನಿಮಾ ಕಂಪನಿಯ ಜೊತೆ ಕರಾರು ಮಾಡಿಕೊಂಡ. ತನ್ನ ಸೇನೆಯ ಕಾಳಗಗಳನ್ನು ಆ ಕಂಪನಿ ಮಾತ್ರ ಚಿತ್ರಿಸಬೇಕು, ಬಂದ ಹಣದಲ್ಲಿ 20 ಶೇಕಡ ತನಗೆ. 'ಬೆಳಕಿರುವಾಗಲೇ ಕಾದಾಡಬೇಕು, ಚೆನ್ನಾಗಿ ಬರದಿದ್ದರೆ ಮತ್ತೆ ಕಾದಾಡಿ ತೋರಿಸಬೇಕು' ಅಂತ ಕರಾರಿನಲ್ಲಿತ್ತು ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಇತಿಹಾಸಕಾರ ಫ್ರೀಡ್ರಿಕ್ ಕಾಟ್ಸ್ ಕರಾರು ಪತ್ರವನ್ನೇ ನೋಡಿದರು. ಅಂಥ ಷರತ್ತು ಅದರಲ್ಲಿಲ್ಲ. ಹಾಗಾಗಿ ನನ್ನ ಪಟ್ಟಿಯಿಂದ ಆ ಕಥೆಯನ್ನು ತೆಗೆದುಹಾಕಿದ್ದೇನೆ.

ಜಾಸ್ತಿ ಸಮಯ ಹಿಡಿದದ್ದು ಪಡಿಲ್ಲಾ ಅಪ್ಪ-ಮಗನ ರೀಲುಗಳು. ಫೆಲಿಕ್ಸ್, ಎಡ್ಮುಂಡೋ ಪಡಿಲ್ಲಾ ಅಮೆರಿಕ-ಮೆಕ್ಸಿಕೋ ಗಡಿಯ ಎರಡೂ ಕಡೆ ಊರೂರು ತಿರುಗಿ ಸಿನಿಮಾ ತೋರಿಸುತ್ತಿದ್ದವರು. 1930ರ ದಶಕದಲ್ಲಿ ಕೈಗೆ ಸಿಕ್ಕ ಹಳೆ ಚಿತ್ರಗಳನ್ನು ಕತ್ತರಿಸಿ, ಅಂಟಿಸಿ, 'ಲಾ ವೆಂಗಾನ್ಸಾ ದೆ ಪಾಂಚೋ ವಿಲ್ಲಾ' ಮಾಡಿದರು. ಅದರಲ್ಲಿ 1916ರಲ್ಲಿ ಕಂತುಕಂತಾಗಿ ಬಂದ ಅಮೆರಿಕದ ಸಿನಿಮಾ 'ಲಿಬರ್ಟಿ'ಯ ದೃಶ್ಯಗಳು ತುಂಬಾ ಇವೆ. ಅಲ್ಲಿ ಮೆಕ್ಸಿಕೋದವರು ಖಳರು. ಪಡಿಲ್ಲಾಗಳು ದೃಶ್ಯಗಳ ನಡುವೆ ಮಾತು ತೋರಿಸುವ ಅಕ್ಷರದ ಕಾರ್ಡುಗಳನ್ನು ಬದಲಿಸಿ ಅದೇ ದೃಶ್ಯಗಳಲ್ಲಿ ವಿಲ್ಲಾನನ್ನು ನಾಯಕನಾಗಿ ನಿಲ್ಲಿಸಿದರು. ವಿಲ್ಲಾನ ಕೊಲೆಯನ್ನು ತಾವೇ ಆಡಿಸಿ ಚಿತ್ರಿಸಿದರು. 1914ರ ಚಿತ್ರದ ತುಣುಕುಗಳೂ ಇದರೊಳಗೇ ಬದುಕಿದವು. ಮೆಕ್ಸಿಕೋದ ನಿರ್ದೇಶಕ ಗ್ರೆಗೋರಿಯೋ ರೋಚಾ ಈ ರೀಲುಗಳನ್ನು ಅಮೆರಿಕದ ಎಲ್ ಪಾಸೋ ಊರಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪತ್ತೆ ಮಾಡಿದರು.

ದೊಡ್ಡ ಕಂಪನಿಗಳು ಮೂಕಿಚಿತ್ರಗಳನ್ನು ಕಾಪಾಡಲಿಲ್ಲ. ಆಗ ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತದೆ, ಇಟ್ಟಲ್ಲೇ ಪುಡಿಯಾಗುತ್ತದೆ. ಟಾಕಿ ಬಂದ ಮೇಲೆ ಹಳೆಯದನ್ನು ಕೇಳುವವರೂ ಇರಲಿಲ್ಲ. ಅಮೆರಿಕದ ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದದ್ದು ಶೇಕಡ 14 ಎಂದು 2013ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ವರದಿ ಹೇಳಿತು. ಅದಕ್ಕೇ ಪಡಿಲ್ಲಾಗಳ ಕತ್ತರಿಯನ್ನು ಯಾರಾದರೂ ಬೈದರೆ ನನಗೆ ಸಹಿಸಲಾಗದು. ಆ ಕತ್ತರಿ ಇಲ್ಲದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ.

ಒಂದು ಸಣ್ಣ ಕೆಲಸ ತುಂಬಾ ಖುಷಿ ಕೊಟ್ಟಿತು. ಈ ತುಣುಕುಗಳನ್ನು ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ಎಲ್ಲರೂ ದಡಬಡ ಓಡುತ್ತಾರೆ. 16ಕ್ಕೆ ಇಳಿಸಿದೆ. ಕುದುರೆಯ ಕಾಲು ನೆಲಕ್ಕೆ ತಾಗುವುದು, ಸವಾರ ಲಗಾಮು ಎಳೆಯುವುದು, ಹಿಂದೆ ಧೂಳು ಏಳುವುದು ಬೇರೆ ಬೇರೆಯಾಗಿ ಕಂಡವು.

ಇನ್ನು 'ಲಿಬರ್ಟಿ'ಯ ಸ್ಟಿಲ್‌ಗಳ ಜೊತೆ ಒಂದೊಂದೇ ಶಾಟ್ ಹೋಲಿಸಬೇಕು. ಅದರದ್ದು ಎಂದು ಖಾತ್ರಿಯಾದ್ದಕ್ಕೆ ಕೆಂಪು ಗುರುತು. ವಾಲ್ಷ್ ಅವರ ಮುಖ ಕಾಣುವ ಶಾಟ್‌ಗಳಿಗೆ ಹಸಿರು ಗುರುತು ಆಗಲೇ ಹಾಕಿ ಆಯಿತು.