16 ದಿನ ಒಂದೇ ವ್ಯಾನಿನಲ್ಲಿ ಇಬ್ಬರೇ: ಜಗಳ ಆಗಲಿಲ್ವಾ?

ನ್ಯೂಜಿಲೆಂಡಿನಿಂದ ಬಂದು ಎಂಟು ತಿಂಗಳಾಯಿತು. ಫೋಟೋ ನೋಡಿದವರು ಮೊದಲು "ಅಬ್ಬಾ, ಎಷ್ಟು ಚೆನ್ನಾಗಿದೆ!" ಅಂತಾರೆ. ಎರಡನೇ ಮಾತು ಬೆಟ್ಟದ ಬಗ್ಗೆ ಇರುವುದಿಲ್ಲ. "ಅಲ್ಲಾ, 16 ದಿನ ಆ ಡಬ್ಬದೊಳಗೆ ನೀವಿಬ್ಬರೇ... ಜಗಳ ಆಗಲಿಲ್ವಾ?" ಪಕ್ಕದ ಮನೆಯವರು ಕೇಳಿದರು. ಇವರ ಬ್ಯಾಂಕಿನ ಹಳೇ ಸ್ನೇಹಿತರು ಕೇಳಿದರು. ನಾದಿನಿ ಕೇಳಿದಳು. ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲಿ, ಪರಿಚಯವೇ ಇಲ್ಲದ ಒಬ್ಬರು ಹೋಳಿಗೆ ಮುರಿಯುತ್ತಾ ಕೇಳಿದರು.

ಆಯ್ತು. ಚೆನ್ನಾಗೇ ಆಯ್ತು.

ನಮ್ಮದು 29 ವರ್ಷದ ಸಂಸಾರ. ಮನೆಯಲ್ಲಿ ಜಗಳವಾದರೆ ನಮಗೊಂದು ಪದ್ಧತಿ ಇದೆ. ಇವರು ಚಪ್ಪಲಿ ಮೆಟ್ಟಿಕೊಂಡು ಪಾರ್ಕಿಗೆ ಹೋಗುತ್ತಾರೆ. ನಾನು ಅಡುಗೆ ಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತೇನೆ. ರಾತ್ರಿ ಊಟಕ್ಕೆ ಕೂತಾಗ "ಸಾರು ಚೆನ್ನಾಗಿದೆ" ಅಂತ ಇವರು ಹೇಳಿದರೆ ಮುಗಿಯಿತು. ಈ ಪದ್ಧತಿ ನಡೆಯಬೇಕಾದರೆ ಒಂದು ಪಾರ್ಕು ಬೇಕು, ಒಂದು ಅಡುಗೆ ಮನೆ ಬೇಕು, ನಡುವೆ ಒಂದು ಗೋಡೆ ಬೇಕು. ವ್ಯಾನಿನಲ್ಲಿ ಗೋಡೆ ಎಲ್ಲಿಂದ ತರುವುದು?

ಮಗಳು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಕೆಲಸದಲ್ಲಿದ್ದಾಳೆ. ಒಳಗೇ ಅಡುಗೆ, ಒಳಗೇ ನಿದ್ದೆ ಅನ್ನುವ ಆ ಬಾಡಿಗೆ ವ್ಯಾನು ಬುಕ್ ಮಾಡಿದ್ದು ಅವಳೇ. "ನೀನೂ ಬಾರೆ" ಅಂದರೆ "ನಿಮ್ಮಿಬ್ಬರ ಮಧ್ಯೆ ನಾನು ಬರಲ್ಲಮ್ಮ" ಅಂದುಬಿಟ್ಟಳು. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಗಾಡಿ ಓಡಿಸುವುದು. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸೇ ನಡೆಯುತ್ತದೆ. ನನಗೆ ಡ್ರೈವಿಂಗ್ ಬರುವುದಿಲ್ಲ. ಹಾಗಾಗಿ ಸ್ಟೀರಿಂಗ್ ಇವರದು, ಮ್ಯಾಪ್ ನನ್ನದು, ಅಡುಗೆಯೂ ನನ್ನದು. ಅಡುಗೆ ಅಂದರೆ ಏನು, ಎರಡು ಬರ್ನರಿನ ಒಲೆ. ಮೊದಲ ದಿನ ಸಾಸಿವೆ ಚಟಪಟ ಅಂದಿದ್ದೇ ತಡ, ತಲೆ ಮೇಲಿದ್ದ ಹೊಗೆ ಅಲಾರ್ಮ್ ಕಿರುಚಿಕೊಂಡಿತು. ಪಕ್ಕದ ವ್ಯಾನಿನ ಅಜ್ಜ ಓಡಿಬಂದ. ಆಮೇಲೆ ಕಿಟಕಿ, ಬಾಗಿಲು ಎರಡೂ ತೆಗೆದು, ಇವರು ಟವೆಲ್ ಬೀಸುತ್ತಾ ನಿಂತರೆ ಮಾತ್ರ ಒಗ್ಗರಣೆ.

ನಮ್ಮ ಜಗಳ ಅರ್ಥವಾಗಬೇಕಾದರೆ ಮೊದಲು ಹಾಸಿಗೆ ಅರ್ಥವಾಗಬೇಕು. ಹಗಲು ಹೊತ್ತು ಹಿಂಭಾಗದಲ್ಲಿ ಎದುರುಬದುರು ಎರಡು ಸೀಟು, ನಡುವೆ ಒಂದು ಟೇಬಲ್. ರಾತ್ರಿ ಅದೇ ಮಂಚ. ಒಬ್ಬರು ಟೇಬಲ್ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಅದರ ಕಾಲು ಕಳಚಬೇಕು. ಆಮೇಲೆ ಹಲಗೆಯನ್ನು ಎರಡೂ ಕಡೆಯಿಂದ ಒಟ್ಟಿಗೆ ಇಳಿಸಬೇಕು. ಒಂದು ಕಡೆ ಮೊದಲು ಇಳಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ನಾಲ್ಕು ಕುಶನ್‌ಗಳಲ್ಲಿ ಒಂದು ಮಾತ್ರ ಸ್ವಲ್ಪ ಗಿಡ್ಡ. ಅದು ಯಾವ ಮೂಲೆಗೆ ಅಂತ ಮೂರನೇ ರಾತ್ರಿಯವರೆಗೂ ಗೊತ್ತಾಗಲಿಲ್ಲ. ಒಟ್ಟಿನಲ್ಲಿ ಒಬ್ಬರಿಂದ ಆಗುವ ಕೆಲಸ ಅಲ್ಲ. "ಹಿಡ್ಕೊಂಡಿದೀಯಾ?", "ಹ್ಞೂಂ, ಬಿಡಿ" ಅನ್ನುವಷ್ಟಾದರೂ ಮಾತು ಬೇಕೇ ಬೇಕು.

ಮೊದಲ ಜಗಳ ಸೇತುವೆಯದು. ದಕ್ಷಿಣ ದ್ವೀಪದಲ್ಲಿ ಹೆದ್ದಾರಿಯಲ್ಲೂ ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳು ಬೇಕಾದಷ್ಟಿವೆ. ನೀಲಿ ಬೋರ್ಡ್ ಇದ್ದರೆ ನಾವು ಮೊದಲು. ಕೆಂಪು ಸುತ್ತಿನ ಬೋರ್ಡ್ ಇದ್ದರೆ ಎದುರಿನವರು ಮೊದಲು. ಇಷ್ಟೇ ನಿಯಮ. ಇವರದು ಬೆಂಗಳೂರಿನ ಅಭ್ಯಾಸ, ಯಾರು ಮೂತಿ ತೂರಿಸಿದರೋ ಅವರೇ ಮೊದಲು. "ಕೆಂಪು! ಕೆಂಪು!" ಅಂತ ನಾನು ಕೂಗಿದೆ. "ಕೂಗಬೇಡ, ಕಾಣ್ತಿದೆ" ಅಂತ ಇವರು ಕೂಗಿದರು. ಎದುರಿನ ಲಾರಿಯವನು ನಗುತ್ತಾ ಕೈ ಬೀಸಿ ಹೋದ. ಅದು ಅಲ್ಲಿಗೇ ಮುಗಿಯಿತು. ಯಾಕೆಂದರೆ ತಿರುವು ದಾಟಿದ ಕೂಡಲೇ ಪುಕಾಕಿ ಸರೋವರ ಬಂತು. ನೀರಿನ ಬಣ್ಣ ನೋಡಿ ಇಬ್ಬರ ಬಾಯೂ ಕಟ್ಟಿಹೋಯಿತು. ಹಾಲಿಗೆ ನೀಲಿ ಬೆರೆಸಿದ ಹಾಗೆ. ಮೇಲಿನ ಹಿಮನದಿ ಬಂಡೆಯನ್ನು ಬೀಸುವ ಕಲ್ಲಿನಂತೆ ಅರೆದು ಹಿಟ್ಟು ಮಾಡುತ್ತದೆ. ಆ ಕಲ್ಲಿನ ಹಿಟ್ಟು ತಳಕ್ಕೆ ಕೂರದೆ ನೀರಿನಲ್ಲೇ ತೇಲುತ್ತಿರುತ್ತದೆ. ಬಿಸಿಲು ಅದಕ್ಕೆ ತಾಗಿದಾಗ ಈ ಬಣ್ಣ. ಸರೋವರದ ತುದಿಯಲ್ಲಿ ಆವೊರಾಕಿ, ಅಂದರೆ ಮೌಂಟ್ ಕುಕ್, 3,724 ಮೀಟರ್.

ಅದರ ಬುಡದ ಕ್ಯಾಂಪಿನಲ್ಲಿ ಎರಡು ರಾತ್ರಿ ಇದ್ದೆವು. ಹೂಕರ್ ಕಣಿವೆಯಲ್ಲಿ ಹೋಗಿ ಬರಲು 10 ಕಿಲೋಮೀಟರ್ ನಡೆದೆವು. ಜಗಳ ಇಲ್ಲ. ನಡೆಯುವಾಗ ನಮಗೆ ಜಗಳ ಬರುವುದೇ ಇಲ್ಲ, ಯಾಕೋ ಗೊತ್ತಿಲ್ಲ.

ಎರಡನೆಯದು, ಹೇಳಲು ನಾಚಿಕೆ, ಟಾಯ್ಲೆಟ್‌ದು. ಕ್ಯಾಂಪ್ ಅಲ್ಲದ ಕಡೆ ವ್ಯಾನು ನಿಲ್ಲಿಸಿ ಮಲಗಬೇಕಾದರೆ ಬಹಳ ಜಾಗಗಳಲ್ಲಿ ಗಾಡಿಗೆ ಸರ್ಟಿಫಿಕೇಟ್ ಬೇಕು. 2023ರ ಕಾನೂನಿನ ಪ್ರಕಾರ ಅದಕ್ಕೆ ಗಾಡಿಯೊಳಗೇ ಕೂರಿಸಿದ ಟಾಯ್ಲೆಟ್ ಇರಬೇಕು. ಹಾಸಿಗೆ ಹಾಸಿದ ಮೇಲೂ ಅದನ್ನು ಬಳಸಲು ಆಗಬೇಕು. ಅದರ ಕೆಳಗೊಂದು ಪ್ಲಾಸ್ಟಿಕ್ ಪೆಟ್ಟಿಗೆ, ಕ್ಯಾಸೆಟ್ ಅಂತಾರೆ. ತುಂಬಿದ ಮೇಲೆ ಸೂಟ್‌ಕೇಸಿನಂತೆ ಎಳೆದುಕೊಂಡು ಹೋಗಿ, ಡಂಪ್ ಸ್ಟೇಷನ್ ಅನ್ನುವ ಜಾಗದಲ್ಲಿ ಸುರಿದು, ತೊಳೆದು ತರಬೇಕು. "ಗಾಡಿ ಓಡಿಸೋನು ನಾನು, ಇದು ನಿನ್ನದು" ಅಂದರು. "ಮೂರು ಹೊತ್ತು ಬೇಯಿಸಿ ಹಾಕೋಳು ನಾನು, ಇದು ನಿಮ್ಮದು" ಅಂದೆ. ವಾನಾಕಾ ಅನ್ನುವ ಊರಿನಲ್ಲಿ ಕೊನೆಗೂ ಇವರೇ ಹೊರಟರು, ಮೂಗಿಗೆ ಕರ್ಚೀಫು ಕಟ್ಟಿಕೊಂಡು. ಸುರಿಯುವಾಗ ಒಂದು ಗುಂಡಿ ಒತ್ತಿ ಹಿಡಿಯಬೇಕು, ಗಾಳಿ ಒಳಗೆ ಹೋಗಲಿ ಅಂತ. ಒತ್ತದಿದ್ದರೆ ಗುಳುಗುಳು ಅಂತ ಉಕ್ಕಿ ಸಿಡಿಯುತ್ತದೆ. ಇವರು ಒತ್ತಲಿಲ್ಲ. ಸಿಡಿದದ್ದು ಹೊಸ ಶೂ ಮೇಲೆ. ಕೈಪಿಡಿಯಲ್ಲಿ ಆ ಗುಂಡಿಯ ವಿಷಯ ನಾನು ಹಿಂದಿನ ರಾತ್ರಿಯೇ ಓದಿದ್ದೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಆಮೇಲಿನದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹಾಸ್ಟ್ ಪಾಸ್ ಹತ್ತುವಾಗಲೂ ಇಬ್ಬರೂ ಬಿಗುಮಾನದಲ್ಲೇ ಇದ್ದೆವು. ಅದು 562 ಮೀಟರ್ ಅಷ್ಟೇ, ದೊಡ್ಡ ಘಾಟಿಯೇನಲ್ಲ. ಆದರೆ ಈ ಕಡೆ ಒಣಗಿದ ಹಳದಿ ಹುಲ್ಲು, ಆ ಕಡೆ ಜರಿಗಿಡ, ಪಾಚಿ, ಹನಿಯುವ ಕಾಡು. ನನ್ನ ತವರು ತೀರ್ಥಹಳ್ಳಿ ಕಡೆ. ಇದು ನನಗೆ ಗೊತ್ತಿದ್ದ ಲೆಕ್ಕವೇ. ಸಮುದ್ರದ ಗಾಳಿ ಪಶ್ಚಿಮದಿಂದ ಬಂದು ಬೆಟ್ಟಕ್ಕೆ ಬಡಿದು ಅಲ್ಲೇ ಮಳೆ ಸುರಿಸುತ್ತದೆ. ಆಗುಂಬೆ ನೆನೆಯುತ್ತದೆ, ಚಿತ್ರದುರ್ಗ ಒಣಗುತ್ತದೆ. "ಥೇಟ್ ಆಗುಂಬೆ" ಅಂದೆ, ನನಗೆ ನಾನೇ. "ಹ್ಞೂಂ" ಅಂದರು ಇವರು. ರಾಜಿ ಅಂತ ನಾನು ಅಂದುಕೊಂಡೆ.

ಎಲ್ಲಿ ಬಂತು! ಫಾಕ್ಸ್ ಗ್ಲೇಸಿಯರ್ ಊರಿಗೆ ಬಂದ ಸಂಜೆಯೇ ಮೂರನೆಯದು, ದೊಡ್ಡದು. ಫಾಕ್ಸ್ ಮತ್ತು ಫ್ರಾಂಜ್ ಜೋಸೆಫ್ ಅಕ್ಕಪಕ್ಕದ ಹಿಮನದಿಗಳು. ಮೊದಲೆಲ್ಲ ಕಣಿವೆಯಲ್ಲಿ ನಡೆದುಕೊಂಡೇ ಹೋಗಿ ಮಂಜಿನ ಮೇಲೆ ಕಾಲಿಡಬಹುದಿತ್ತಂತೆ. ಫ್ರಾಂಜ್ ಜೋಸೆಫ್ 2008ರ ಹೊತ್ತಿಗೆ ಹಿಂದೆ ಸರಿಯಲು ಶುರುಮಾಡಿತು. 2012ರಿಂದ ಅದರ ಮೇಲೆ ಇಳಿಯಬೇಕಾದರೆ ಹೆಲಿಕಾಪ್ಟರೇ ಗತಿ. ಫಾಕ್ಸ್ ಕಣಿವೆಯ ಹಳೇ ರಸ್ತೆ 2019ರ ಭೂಕುಸಿತದಲ್ಲಿ ಹೋಯಿತು. ನನಗೆ ಒಂದು ಸಲ ಮಂಜಿನ ಮೇಲೆ ನಿಲ್ಲಬೇಕು ಅಂತ ಆಸೆ. ಇವರು ಫೋನ್ ತೆಗೆದು ಡಾಲರನ್ನು ರೂಪಾಯಿ ಮಾಡಿದರು. "ಈ ದುಡ್ಡಿಗೆ ಒಳ್ಳೆ ಫ್ರಿಜ್ ಬರುತ್ತೆ." "ಫ್ರಿಜ್ಜಿನೊಳಗೆ ಹೋಗಿ ನಿಲ್ಲಲಾ?" ಅಂದೆ. ಅಲ್ಲಿಂದ ಮಾತು ಮಾವನವರ ಮನೆ ಭಾಗದವರೆಗೂ ಹೋಯಿತು. ಹೊರಗೆ ಮಳೆ. ಬಾಗಿಲು ತೆಗೆದರೆ ಸ್ಯಾಂಡ್‌ಫ್ಲೈ, ನಮ್ಮ ನೊರಜಿಗಿಂತ ಕೆಟ್ಟ ಜಾತಿ, ಕಚ್ಚಿದರೆ ನಾಲ್ಕು ದಿನ ಕೆರೆತ. ಪಾರ್ಕಿಗೆ ಹೋಗುವ ಹಾಗಿಲ್ಲ.

ಆ ರಾತ್ರಿ ಯಾರೂ ಟೇಬಲ್ ಮುಟ್ಟಲಿಲ್ಲ. ನಾನು ಈ ಸೀಟಿನಲ್ಲಿ, ಇವರು ಆ ಸೀಟಿನಲ್ಲಿ, ಮಂಡಿ ಮಡಿಸಿಕೊಂಡು ಮಲಗಿದೆವು. ಸೀಟು ನನ್ನ ಉದ್ದಕ್ಕೇ ಸಾಲದು. ಇವರು ಆರಡಿ. ರಾತ್ರಿಯಿಡೀ ಇವರ ಮೊಣಕೈ ಟೇಬಲ್ಲಿಗೆ ತಾಗುವ ಟಕ್ ಟಕ್ ಕೇಳುತ್ತಿತ್ತು. ಪಾಪ ಅನ್ನಿಸಿತು. ಏಳಲಿಲ್ಲ.

ಬೆಳಿಗ್ಗೆ ಕಣ್ಣು ಬಿಟ್ಟರೆ ಇವರಿಲ್ಲ. ಅರ್ಧ ಗಂಟೆ ಬಿಟ್ಟು ಒದ್ದೆ ತಲೆಯಲ್ಲಿ ಬಂದರು. ಹೆಲಿಕಾಪ್ಟರ್ ಕೌಂಟರಿಗೆ ಹೋಗಿ ಕೇಳಿದ್ದಾರೆ! "ಮೋಡ. ಇವತ್ತು ಹಾರಲ್ವಂತೆ, ನಾಳೆಯೂ ಅನುಮಾನ." ಹಾರದೇ ಇದ್ದ ಹೆಲಿಕಾಪ್ಟರಿಗೆ ನಾವು ಇಡೀ ಸಂಜೆ ಕಿತ್ತಾಡಿದ್ದೆವು.

ದಕ್ಷಿಣ ಬದಿಯ ದಾರಿಯಲ್ಲಿ ನಡೆದು ಹೋಗಿ ದೂರದಿಂದಲೇ ನೋಡಿದೆವು. ಮೋಡ ಸರಿದಾಗ ಕಾಡಿನ ಹಸಿರಿನ ಮೇಲೆ ಬೂದು ಬಿಳಿಯ ಒಂದು ಪಟ್ಟಿ. ಅಲ್ಲಿ ಕೂತು ನಾನು ಆ ನೆಲದ ಮೂಲನಿವಾಸಿಗಳಾದ ಮಾವೊರಿ ಜನರ ಕಥೆ ಓದಿ ಹೇಳಿದೆ. ಹಿನೆ ಹುಕಾಟೆರೆಗೆ ಬೆಟ್ಟ ಹತ್ತುವ ಹುಚ್ಚು. ತಾನು ಪ್ರೀತಿಸಿದ ಟುವಾವೆಯನ್ನೂ ಒಪ್ಪಿಸಿ ಕರೆದುಕೊಂಡು ಹೋದಳು. ಹಿಮ ಕುಸಿದು ಅವನು ಸತ್ತ. ಅವಳ ಕಣ್ಣೀರು ಹೆಪ್ಪುಗಟ್ಟಿ ಫ್ರಾಂಜ್ ಜೋಸೆಫ್ ಆಯಿತು. ಅದರ ಮಾವೊರಿ ಹೆಸರೇ ಹಿನೆ ಹುಕಾಟೆರೆಯ ಕಣ್ಣೀರು. ನಮ್ಮ ಎದುರಿಗಿದ್ದ ಫಾಕ್ಸಿನ ಹೆಸರು ಟುವಾವೆಯ ಹಾಸಿಗೆ.

ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ಹೇಳಿದರು: "ಹೆಂಗಸಿನ ಮಾತು ಕೇಳಿ ಬೆಟ್ಟ ಹತ್ತಿದ. ಹೋಗಲಿ, ಅವನಿಗಾದರೂ ಹಾಸಿಗೆ ಸಿಕ್ತು."

ನನಗೆ ನಗು ತಡೆಯಲಾಗಲಿಲ್ಲ. ಅವತ್ತು ಸಂಜೆ ಆರು ಗಂಟೆಗೇ ಟೇಬಲ್ ಇಳಿಸಿದೆವು.

ಆಮೇಲೆ ಪಶ್ಚಿಮ ಕರಾವಳಿ. ಹೇಳಿಕೊಳ್ಳುವಂಥ ಜಗಳ ಇಲ್ಲ. ಪುನಕೈಕಿಯಲ್ಲಿ ಸುಣ್ಣಕಲ್ಲಿನ ಬಂಡೆಗಳು, ಸೆಟ್ ದೋಸೆ ಒಂದರ ಮೇಲೊಂದು ಒಟ್ಟಿದ ಹಾಗೆ ಪದರ ಪದರ. ಅಲೆ ಕೆಳಗಿನಿಂದ ನುಗ್ಗಿ ತೂತಿನಲ್ಲಿ ಬುಸ್ ಅಂತ ಮೇಲೆ ಬರುತ್ತದೆ. ಆರ್ಥರ್ಸ್ ಪಾಸ್‌ನಲ್ಲಿ ಕೆಯಾ ಅನ್ನುವ ಬೆಟ್ಟದ ಗಿಳಿಗಳು ನಮ್ಮ ಕಿಟಕಿಯ ರಬ್ಬರ್ ಕೀಳಲು ಬಂದವು. ವ್ಯಾನಿಗೆ ಕಟ್ಟಿದ ಡಿಪಾಸಿಟ್ ಹೋಗುತ್ತೆ ಅಂತ ಇವರು ಹೊರಗೆ ಓಡಿದರು. ಗಿಳಿ ಇವರ ಶೂ ಲೇಸಿಗೆ ಬಾಯಿ ಹಾಕಿತು. ಅದೇ ಶೂ. ನಾನು ವಾಸನೆಯ ವಿಷಯ ಎತ್ತಲಿಲ್ಲ.

ಕ್ಯಾಸೆಟ್ ಕೊನೆಯವರೆಗೂ ಇವರೇ ತೊಳೆದರು. ಗುಂಡಿ ಒತ್ತಿ.

ವ್ಯಾನು ವಾಪಸ್ ಕೊಟ್ಟು ಮಗಳ ಮನೆಗೆ ಹೋದೆವು. ರೂಮಿನಲ್ಲಿ ಡಬಲ್ ಕಾಟು, ಮಗಳು ಮೊದಲೇ ಹಾಸಿ ಮಡಿಕೆಯಿಲ್ಲದಂತೆ ಇಟ್ಟಿದ್ದಳು. ರಾತ್ರಿ ಇಬ್ಬರೂ ಅದರ ಎರಡು ಕಡೆ ನಿಂತೆವು, ಕೈಗೆ ಕೆಲಸವಿಲ್ಲ. ಇವರು ಬೆಡ್‌ಶೀಟಿನ ಆ ಮೂಲೆ ಹಿಡಿದು ಸುಮ್ನೆ ಎಳೆದರು. ನಾನು ಈ ಮೂಲೆ ಎಳೆದೆ.

"ಹಿಡ್ಕೊಂಡಿದೀಯಾ?"

"ಹ್ಞೂಂ, ಬಿಡಿ."